ಕ್ಯಾಮೆರಾಕ್ಕೊಂದು ಹಲಸಿನ ಹಿಡಿ

ಹೊನ್ನಾವರ
೧೯ ಜನವರಿ ೨೦೨೫, ಭಾನುವಾರ

ಪ್ರೀತಿಯ ಅಮೂಲ್ಯಾ,

ನೀನು, ನಿನ್ನ ಯಜಮಾನರು, ಪುಟ್ಟಿ ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಪುಟ್ಟಿಗೆ ಈಗ ಹಲ್ಲು ಬಂದಿರಬೇಕು. ಹುಬ್ಬಳ್ಳಿಯ ಚಳಿಗೆ ಅವಳ ಕಿವಿ ಮುಚ್ಚಿಡು. ಶ್ರಾವಣದಲ್ಲಿ ಅವಳ ತೊಟ್ಟಿಲ ಶಾಸ್ತ್ರಕ್ಕೆ ಬಂದು ಹೋದವಳು ಈವರೆಗೆ ಒಂದು ಸಾಲೂ ಬರೆಯಲಿಲ್ಲ. ನೀನು ಫೋನ್ ಮಾಡಿದಾಗಲೂ ಹಾಂ, ಹೂಂ ಎಂದು ಇಟ್ಟುಬಿಟ್ಟೆ. ಬೇಸರ ಮಾಡಿಕೊಳ್ಳಬೇಡ. ಫೋನು ಕಿವಿಗೆ ಇಟ್ಟ ಕೂಡಲೇ ನನ್ನ ಮಾತು ಗಂಟಲಲ್ಲೇ ಕೂತುಬಿಡುತ್ತದೆ, ಅದು ನಿನಗೆ ಹೊಸದಲ್ಲ. ಕಾಗದದ ಮುಂದೆ ಹಾಗಾಗುವುದಿಲ್ಲ. ಕಾಗದ ನನ್ನ ಮುಖ ನೋಡುವುದಿಲ್ಲ.

ತಡೆದುಕೊಳ್ಳಲು ಆಗುತ್ತಿಲ್ಲ, ದೊಡ್ಡ ಸುದ್ದಿಯನ್ನು ಮೊದಲೇ ಹೇಳುತ್ತೇನೆ. ನಾವಿಬ್ಬರೂ ಓದಿದ ಶಾಲೆಯ ಆಫೀಸಿನ ಗೋಡೆಯಲ್ಲಿ ಈಗ ನಾನು ತೆಗೆದ ಫೋಟೋ ಇದೆ. ಕಟ್ಟು ಹಾಕಿಸಿ, ಗಾಜು ಕೂರಿಸಿ, ಗಡಿಯಾರದ ಪಕ್ಕದಲ್ಲೇ ತೂಗುಹಾಕಿದ್ದಾರೆ. ಮೊನ್ನೆ ಊರಿಗೆ, ಮಂಕಿಗೆ ಹೋದಾಗ ಯಾರಿಗೂ ಹೇಳದೆ ಹೋಗಿ ಕಿಟಕಿಯಿಂದ ಇಣುಕಿ ನೋಡಿ ಬಂದೆ.

ಅದು ಹೇಗಾಯಿತು ಎಂದು ಬರೆಯುತ್ತೇನೆ. ನಾನು ಶ್ರೀಧರಣ್ಣನ ಸ್ಟುಡಿಯೋದಲ್ಲಿ ಕೆಲಸಕ್ಕಿರುವುದು ನಿನಗೆ ಗೊತ್ತು. ಮದುವೆಗೆ, ಉಪನಯನಕ್ಕೆ ಎಲ್ಲ ಡಿಜಿಟಲ್ ಕ್ಯಾಮೆರಾವೇ. ಕಪಾಟಿನ ಮೇಲಿನ ಅರೆಯಲ್ಲಿ ಅವನ ಅಪ್ಪನ ಕಾಲದ್ದೊಂದು ಜಪಾನಿ ಕ್ಯಾಮೆರಾ ಇತ್ತು. ರೀಲು ಹಾಕುವಂಥದ್ದು. ರೇಂಜ್‌ಫೈಂಡರ್ ಎನ್ನುತ್ತಾರೆ. ಅದರ ಪುಟ್ಟ ಕಿಂಡಿಯಲ್ಲಿ ನೋಡಿದರೆ ಎದುರಿಗಿರುವ ಒಬ್ಬರೇ ಇಬ್ಬರಾಗಿ ಕಾಣುತ್ತಾರೆ. ಲೆನ್ಸಿನ ಬಳೆಯನ್ನು ಮೆಲ್ಲಗೆ ತಿರುಗಿಸುತ್ತ ಹೋದರೆ ಆ ಎರಡು ಮುಖಗಳು ಹತ್ತಿರ ಬಂದು ಒಂದಾಗುತ್ತವೆ. ಆಗ ಒತ್ತಬೇಕು. ನನಗೆ ಅದರ ಹುಚ್ಚು ಹಿಡಿಯಿತು. ಅದರ ಸದ್ದು ತೀರಾ ಸಣ್ಣದು, ನನ್ನ ಹಾಗೆ. ಅಜ್ಜಿ ಮತ್ತು ನಮ್ಮ ಕೇರಿಯ ಹೆಂಗಸರು ಸುಗ್ಗಿ ಹಾಡು ಹೇಳುವಾಗ ಪಕ್ಕದಲ್ಲೇ ಕೂತು ತೆಗೆದೆ, ಯಾರ ಹಾಡೂ ನಿಲ್ಲಲಿಲ್ಲ.

ಆದರೆ ಅದರ ಮೈ ಬರೀ ನುಣುಪು. ನಮ್ಮ ಕಡೆಯ ಸೆಕೆ ನಿನಗೆ ಮರೆತಿರಲಾರದು. ಅಂಗೈ ಬೆವರಿ ಎರಡು ಸಲ ಜಾರಿತು, ಕೊರಳ ಪಟ್ಟಿ ಉಳಿಸಿತು. ಅಷ್ಟರಲ್ಲಿ ನಮಗೆ ಪಾಠ ಹೇಳಿದ ಮಂಗಲಾ ಅಕ್ಕೋರು ಸ್ಟುಡಿಯೋಕ್ಕೆ ಬಂದರು. ಈಗ ಅವರೇ ಶಾಲೆಯ ಮುಖ್ಯ ಅಕ್ಕೋರು. ಶಾಲೆಗೆ ಎಪ್ಪತ್ತೈದು ವರ್ಷ ತುಂಬಿತಂತೆ, ಆಫೀಸಿನಲ್ಲಿರುವ ಹಳೆಯ ಕಪ್ಪುಬಿಳುಪು ಫೋಟೋಗಳ ಸಾಲಿಗೆ ಅಂಥದ್ದೇ ಇನ್ನೊಂದು ಆಗಬೇಕಂತೆ. ನಾನು ಕತ್ತರಿಸುತ್ತಿದ್ದ ಪಾಸ್‌ಪೋರ್ಟ್ ಫೋಟೋಗಳ ಮೇಲೆ ಕಣ್ಣಿಟ್ಟುಕೊಂಡೇ "ನಾ ತೆಗೀಲಾ?" ಎಂದುಬಿಟ್ಟೆ. ಹೇಳಿದ್ದು ನಾನೇ ಎಂದು ನನಗೇ ನಂಬಿಕೆ ಬರಲಿಲ್ಲ.

ಶ್ರೀಧರಣ್ಣ ಕನ್ನಡಕದ ಮೇಲಿಂದ ನೋಡಿದ. "ಹೋಯ್, ಇವ್ಳಿಗೆ ಬಾಯಿ ಬಂತು ಅಕ್ಕೋರೆ! ಆತು, ತೆಗಿ. ಆದ್ರೆ ಒಂದ್ ಮಾತು. ಆ ಮುದಿ ಕ್ಯಾಮೆರಾಕ್ಕೆ ಸರಿಯಾದ ಹಿಡಿ ಮಾಡ್ಕಾ. ಸ್ಟ್ಯಾಂಡಿನ ಮೇಲೆ ಅಲ್ಲಾಡ್ದೆ ನಿಲ್ಬೇಕು, ನಿನ್ನ ಕೈಯಲ್ಲೂ ನಿಲ್ಬೇಕು. ಇಲ್ಲ ಅಂದ್ರೆ ನಾನೇ ಡಿಜಿಟಲ್ ತಕಂಡು ಬತ್ತೆ."

ಅಂದಿನಿಂದ ನನ್ನ ತಲೆಯಲ್ಲಿ ಹಿಡಿಯೊಂದೇ. ಇಂಥ ಹಿಡಿಗಳು ಒಂದು ಅಡಿಪಟ್ಟಿಯ ಜೊತೆ ಬರುತ್ತವೆ. ಕ್ಯಾಮೆರಾದ ಕೆಳಗೆ ಸ್ಟ್ಯಾಂಡಿನ ತಿರುಪು ಕೂರುವ ತೂತಿರುತ್ತದಲ್ಲ, ಅಲ್ಲಿಗೆ ಪಟ್ಟಿಯನ್ನು ತಿರುಪು ಹಾಕಿ ಬಿಗಿಯಬೇಕು. ಪಟ್ಟಿಯ ಮುಂದಿನ ಅಂಚಿನಿಂದ ಹಿಡಿ ಮೇಲಕ್ಕೆ ಎದ್ದಿರುತ್ತದೆ, ಬೆರಳುಗಳು ಅದನ್ನು ಸುತ್ತಿ ಹಿಡಿಯುತ್ತವೆ. ಕ್ಯಾಮೆರಾ ಮಾಡಿದವರು ಇದನ್ನು ಕೊಡುವುದಿಲ್ಲ, ಬೇರೆಯವರು ಮಾಡಿ ಮಾರುತ್ತಾರೆ. ಕುಮಟಾದಲ್ಲಿ ಸಂತೋಷ ಎಂಬವನು ಹಳೆಯ ಕ್ಯಾಮೆರಾದ ಸಾಮಾನು ತರಿಸುತ್ತಾನೆಂದು ಕೇಳಿ ಅಲ್ಲಿಗೆ ಹೋದೆ. ಅವನು ಮೂರನ್ನು ಮೇಜಿನ ಮೇಲೆ ಇಟ್ಟ.

ನಾನು ಕ್ಯಾಮೆರಾವನ್ನು ಮಗುಚಿ ಹಾಕಿ ಕೂತೆ. ಮೊದಲನೆಯದು ರಬ್ಬರಿನ ದಪ್ಪ ಹಿಡಿ, ಗಂಡಸರ ಕೈಗೆ ಮಾಡಿದ್ದು. ಹಿಡಿದರೆ ನನ್ನ ಬೆರಳು ಮೇಲಿನ ಗುಂಡಿಯನ್ನೇ ಮುಟ್ಟಲಿಲ್ಲ. ಜೊತೆಗೆ ಪಟ್ಟಿ ಕೆಳಗಿನ ಸಣ್ಣ ಗುಂಡಿಯನ್ನು ಪೂರಾ ಮುಚ್ಚಿತು. ಆ ಗುಂಡಿ ಒತ್ತದೆ ರೀಲನ್ನು ಹಿಂದಕ್ಕೆ ಸುತ್ತಲು ಬರುವುದಿಲ್ಲ. ಎರಡನೆಯದು ಹಿತ್ತಾಳೆಯದು, ಗಟ್ಟಿ. ಗುಂಡಿಗೂ ಜಾಗ ಬಿಟ್ಟಿದ್ದರು, ಸ್ಟ್ಯಾಂಡಿಗೂ ತೂತು ಇತ್ತು. ಆದರೆ ಹಿಡಿ ಎಷ್ಟು ಅಗಲವೆಂದರೆ ಮುಂದಿರುವ ಸೆಲ್ಫ್ ಟೈಮರಿನ ಕಡ್ಡಿ ಅರ್ಧ ತಿರುಗಿ ಅದಕ್ಕೇ ತಾಗಿ ನಿಂತಿತು. ಆ ಕಡ್ಡಿಯನ್ನು ಪೂರ್ತಿ ಕೆಳಗೆಳೆದು ಮೇಲಿನ ಗುಂಡಿ ಒತ್ತಿದರೆ ಅದು ಸುರ್ರ್ ಎಂದು ಮೇಲೇರುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಕ್ಯಾಮೆರಾ ತಾನೇ ಫೋಟೋ ಹೊಡೆಯುತ್ತದೆ.

"ಇದು ಬೇಡ, ಕಡ್ಡಿಗೆ ತಾಗ್ತದೆ" ಎಂದೆ.

"ಆ ಕಡ್ಡಿ ಈಗ ಯಾರಿಗ್ ಬೇಕೇ?" ಎಂದ ಸಂತೋಷ. "ಇಡೀ ಜಿಲ್ಲೆಲಿ ಈ ಕ್ಯಾಮೆರಾ ಹಿಡ್ಕಂಡು ತಿರ್ಗೋಳು ನೀನೊಬ್ಳೇ. ಅದ್ರಲ್ಲೂ ಇಷ್ಟೆಲ್ಲ ಆರ್ಸ್ತೆ. ಗಂಡು ನೋಡುಕೆ ಬಂದವ್ರೂ ಇಷ್ಟು ನೋಡುದಿಲ್ಲ."

ನಾನು ನಕ್ಕು ಮೂರನೆಯದನ್ನು ಕೈಗೆತ್ತಿಕೊಂಡೆ. ಕಡ್ಡಿ ನನಗೆ ಬೇಕಿತ್ತು.

ಮೂರನೆಯದು ತೆಳು ಅಲ್ಯೂಮಿನಿಯಂ ಪಟ್ಟಿ, ಮೇಲೆ ಚರ್ಮ ಅಂಟಿಸಿದ ಹಿಡಿ. ನನ್ನ ಕೈಗೇ ಹುಟ್ಟಿದ ಹಾಗಿತ್ತು. ಕೆಳಗಿನ ಗುಂಡಿಗೆ ಕಿಂಡಿ ಇತ್ತು, ಕಡ್ಡಿಗೂ ಅಡ್ಡಿ ಇರಲಿಲ್ಲ. ಕೊರತೆ ಒಂದೇ, ಸ್ಟ್ಯಾಂಡಿಗೆ ತೂತು ಇರಲಿಲ್ಲ. ತೂತು ಆಮೇಲೂ ಕೊರೆಸಬಹುದು, ಕೈ ಬೇರೆ ತರಿಸಲು ಬರುವುದಿಲ್ಲ ಎಂದುಕೊಂಡು ಅದನ್ನೇ ತಂದೆ.

ತಂದವಳು ಒಂದು ಕೆಲಸ ಮಾಡಿದೆ, ನಗಬೇಡ. ಉಪ್ಪುಗಾಳಿಗೆ ಅದರ ತಿರುಪು ಕೆಂಪಗಾಗತೊಡಗಿತು. ನಮ್ಮಲ್ಲಿ ಕತ್ತಿ, ಬೀಗ, ಬಾಗಿಲ ತಿರುಗಣೆ ಯಾವುದಕ್ಕೆ ತುಕ್ಕು ಹಿಡಿದರೂ ತೆಂಗಿನೆಣ್ಣೆ ಹಚ್ಚುವುದು ತಾನೇ? ನಾನೂ ಹಚ್ಚಿದೆ, ಧಾರಾಳವಾಗಿ. ಎಣ್ಣೆ ಚರ್ಮದೊಳಗೆ ಇಳಿದು ಅಂಟೆಲ್ಲ ಬಿಟ್ಟು ಹಿಡಿ ಕೈಗೇ ಬಂತು. ಬೆಳಿಗ್ಗೆ ಶ್ರೀಧರಣ್ಣ ಕ್ಯಾಮೆರಾದ ಚೀಲ ತೆರೆದರೆ ಒಳಗೆಲ್ಲ ಇರುವೆ.

"ಎಂತದೇ ಇದು?" ಎಂದು ಕೂಗಿದ. "ನಮ್ಮಪ್ಪನ ಕ್ಯಾಮೆರಾಕ್ಕೆ ಒಗ್ಗರಣೆ ಹಾಕಿದ್ಯಾ?"

ಅವನು ಒಂದೊಂದೇ ಇರುವೆಯನ್ನು ಬ್ರಷ್ಷಿನಿಂದ ಗುಡಿಸುತ್ತ ಕೂತ. ನಾನು ಬಾಗಿಲ ಹತ್ತಿರ ನಿಂತು ಅತ್ತೆ. ಶಾಲೆಯ ಫೋಟೋಕ್ಕೆ ಒಂದು ವಾರ ಉಳಿದಿತ್ತು. ಕೊನೆಗೆ ಅವನೇ, "ಪುಣ್ಯಕ್ಕೆ ಲೆನ್ಸಿನೊಳಗೆ ಹೋಗ್ಲಿಲ್ಲ. ಅಳ್ಬೇಡ. ಡಿಜಿಟಲ್ ಇದ್ದೇ ಇದೆ, ನಾ ಹೋಗ್ತೆ" ಎಂದ. ಸಮಾಧಾನಕ್ಕೆ ಹೇಳಿದ ಆ ಮಾತೇ ನನ್ನನ್ನು ಎಬ್ಬಿಸಿತು. ಮರುದಿನ ರಜೆ ಕೇಳಿ ಪಟ್ಟಿ, ಕ್ಯಾಮೆರಾ ಎರಡನ್ನೂ ತೆಗೆದುಕೊಂಡು ಭಟ್ಕಳದ ಬಸ್ಸು ಹತ್ತಿದೆ.

ಅಲ್ಲಿ ಮುನೀರ್ ಭಾಯಿಯ ಲೇತ್ ಇದೆ. ತೆಂಗಿನಗುಂಡಿ ಬಂದರಿನ ಬೋಟುಗಳ ಇಂಜಿನ್ ಸಾಮಾನೆಲ್ಲ ಅವರಲ್ಲಿಗೇ ಬರುತ್ತದೆ. ನನ್ನ ಪಟ್ಟಿಯನ್ನು ಅಂಗೈ ಮೇಲೆ ಇಟ್ಟುಕೊಂಡು ನಕ್ಕರು. "ಅರೆ ಬೇಟಿ, ನನ್ನ ಹತ್ರ ಬರೋದು ಆಳೆತ್ತರದ ಶಾಫ್ಟು. ಇದು ಎಂತ, ಮೂಗುತಿಯಾ?" ಆದರೂ ಸ್ಟ್ಯಾಂಡಿನ ತಿರುಪಿಗೆ ಸರಿಯಾಗಿ ಒಂದು ಹಿತ್ತಾಳೆಯ ಬಿಲ್ಲೆ ಕಡೆದು, ತಿರುಪು ಸುತ್ತಿಕೊಳ್ಳುವ ಮರೆ ಕೊರೆದು, ಪಟ್ಟಿಯೊಳಗೆ ಕೂರಿಸಿ ಕೊಟ್ಟರು. ಹಿಡಿ ಕೂರಿಸಲು ಎರಡು ಸಣ್ಣ ತೂತುಗಳನ್ನೂ ಕೊರೆದರು. "ಸ್ಟೀಲ್ ತಿರುಪು ಹಾಕಿದೇನೆ. ತುಕ್ಕು ಹಿಡಿಯೂದಿಲ್ಲ. ಖುದಾ ಕೇ ವಾಸ್ತೇ ಎಣ್ಣೆ ಮಾತ್ರ ಹಾಕ್ಬೇಡ" ಎಂದರು.

ಹಿಡಿಯನ್ನು ಅಪ್ಪ ಮಾಡಿದ. ಕತ್ತಿಗೆ ಹಿಡಿ ಹಾಕಿಸಿಕೊಳ್ಳಲು ಕೇರಿಯವರೆಲ್ಲ ಅಪ್ಪನ ಹತ್ತಿರವೇ ಬರುವುದು ನಿನಗೆ ನೆನಪಿರಬಹುದು. ಒಣಗಿದ ಹಲಸಿನ ತುಂಡೊಂದನ್ನು ಮಾಡಿನ ಅಟ್ಟದಿಂದ ಇಳಿಸಿ, "ಕೈ ಕೊಡು" ಎಂದ. ಅಮ್ಮ ಕಡುಬಿಗೆ ಕಲಸಿದ್ದ ಹಿಟ್ಟಿನಲ್ಲಿ ಒಂದು ಉಂಡೆ ತೆಗೆದು ನನ್ನ ಮುಷ್ಟಿಯಲ್ಲಿ ಒತ್ತಿಸಿದ. ಬೆರಳಿನ ಅಚ್ಚು ಮೂಡಿತು. ಅದನ್ನು ನೋಡುತ್ತ ಕೆತ್ತಿದ. ಅಮ್ಮ ಒಳಗಿಂದ, "ಎಲ್ಲ ಹಿಟ್ಟು ಕ್ಯಾಮೆರಾಕ್ಕೇ ತಿನ್ಸಿ, ನೀವು ಅಪ್ಪ ಮಗಳು ಗಾಳಿ ಉಣ್ಣಿ" ಎಂದು ಬೈಯುತ್ತಲೇ ಇದ್ದಳು. ಮೂರು ಸಲ ಕ್ಯಾಮೆರಾಕ್ಕೆ ಕೂರಿಸಿ ನೋಡಿದೆವು. ಪ್ರತಿ ಸಲವೂ ನಾನು ಕಡ್ಡಿಯನ್ನು ಕೆಳಗೆಳೆದು ಗುಂಡಿ ಒತ್ತಿ ನೋಡುತ್ತಿದ್ದೆ. ಸುರ್ರ್ ಎಂದು ಯಾವುದಕ್ಕೂ ತಾಗದೆ ಮೇಲೇರಿದಾಗ, "ಆತು ಅಪ್ಪಾ" ಎಂದೆ.

ಈಗ ಅದು ಅರಿಸಿನ ಬಣ್ಣದ ಹಿಡಿ, ನನ್ನ ಬೆವರು ಕುಡಿದು ದಿನದಿನಕ್ಕೆ ಕೆಂಪಾಗುತ್ತಿದೆ. ಜಾರುವುದಿಲ್ಲ. ಶ್ರೀಧರಣ್ಣ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ನಂಗೆ ಸಣ್ಣಾತು" ಎಂದು ವಾಪಸು ಕೊಟ್ಟ. ಆ ಮಾತು ಕೇಳಿ ನನಗೆ ಎಷ್ಟು ಖುಷಿಯಾಯಿತು ಗೊತ್ತಾ? ಆ ಕ್ಯಾಮೆರಾ ಈಗ ನನ್ನ ಕೈಯದು.

ಫೋಟೋದ ದಿನ ಬೆಳಿಗ್ಗೆ ಬೇಗ ಹೋಗಿ ಮಾವಿನ ಮರದ ನೆರಳಿನಲ್ಲಿ ಬೆಂಚು ಹಾಕಿಸಿದೆ. ಶ್ರೀಧರಣ್ಣ ದೂರದಲ್ಲಿ ಕಟ್ಟೆಯ ಮೇಲೆ ಕೂತ. ಮಕ್ಕಳನ್ನು ನಿಲ್ಲಿಸಲು ನನಗೆ ದನಿ ಬೇಕಿತ್ತು. ಮೊದಮೊದಲು ಬರಲಿಲ್ಲ. "ಅಕ್ಕ, ಎಂತ ಹೇಳ್ತೆ, ಕೇಳುದಿಲ್ಲ!" ಎಂದು ಹಿಂದಿನ ಸಾಲಿನಿಂದ ಒಬ್ಬ ಕೂಗಿದ, ಎಲ್ಲರೂ ನಕ್ಕರು. ಆಗ ಬಿಸಿಯೂಟದ ಅಡುಗೆಯ ದುರ್ಗಕ್ಕ ಅಡುಗೆಮನೆ ಬಾಗಿಲ ಹಿಂದಿನಿಂದ ಇಣುಕುವುದು ಕಂಡಿತು. ನಾನು ಕೂಗಿದೆ. ಇಡೀ ಅಂಗಳಕ್ಕೆ ಕೇಳುವ ಹಾಗೆ ಕೂಗಿದೆ. "ದುರ್ಗಕ್ಕಾ, ನೀವೂ ಬರ್ಬೇಕು. ಯಾರೂ ಹೊರಗೆ ನಿಲ್ಲೂಕಾಗ!"

"ನನ್ನ ಸೀರೆ ಎಲ್ಲಾ ಮಸಿ ಮಾರಾಯ್ತಿ."

"ಫೋಟೋನೇ ಕಪ್ಪು ಬಿಳುಪು. ಬನ್ನಿ!"

ಬಂದರು. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಬಂಡೆಯ ಹಾಗೆ ಕೂತಿತ್ತು. ಕಿಂಡಿಯಲ್ಲಿ ಮಂಗಲಾ ಅಕ್ಕೋರ ಎರಡು ಮುಖಗಳನ್ನು ಒಂದು ಮಾಡಿದೆ. ಅವರು ತಲೆ ಎತ್ತಿ, "ಲಕ್ಕೀ, ನೀನೂ ನಮ್ಮ ಶಾಲೆ ಹುಡ್ಗಿ ಅಲ್ವೇನೇ. ನೀ ಎಲ್ಲಿ ನಿಲ್ತೆ?" ಎಂದರು.

"ನಂಗೆ ಜಾಗ ಇಟ್ಕಂಡಿದ್ದೆ ಅಕ್ಕೋರೆ" ಎಂದೆ.

ಮುಂದಿನ ಸಾಲಿನ ಎಡತುದಿಯಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದೆ. ಕಡ್ಡಿ ಎಳೆದೆ, ಗುಂಡಿ ಒತ್ತಿದೆ, ಓಡಿದೆ. ಮಕ್ಕಳು "ಓಡಕ್ಕಾ, ಓಡು!" ಎಂದು ಕಿರುಚಿದರು. ಹೋಗಿ ಕೂತು ಉಸಿರು ಬಿಡುವಷ್ಟರಲ್ಲಿ ಟಿಕ್ ಎಂದಿತು. ಫೋಟೋದಲ್ಲಿ ಎಲ್ಲರೂ ನಗುತ್ತಿದ್ದಾರೆ, ನಾನೂ. ಶ್ರೀಧರಣ್ಣ ಡಾರ್ಕ್ ರೂಮಿನಲ್ಲಿ ಅದನ್ನು ತೊಳೆದು ನೇತುಹಾಕಿ, ಹಿಂದೆ ತನ್ನ ಸ್ಟುಡಿಯೋದ ಮೊಹರು ಒತ್ತಿ, ಕೆಳಗೆ ಪೆನ್ನಿನಿಂದ "ಛಾಯಾಚಿತ್ರ: ಲಕ್ಕಿ" ಎಂದು ಬರೆದ. ನನ್ನ ಹೆಸರನ್ನು ಬೇರೆಯವರು ಅಷ್ಟು ಚಂದ ಮಾಡಿ ಬರೆದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಪುಟ್ಟಿಗೆ ನನ್ನ ಮುತ್ತು. ಅವಳಿಗೆ ಒಳ್ಳೆಯ ನಿದ್ದೆ, ಒಳ್ಳೆಯ ಆಯುಸ್ಸು, ನಿನ್ನಂಥ ಧೈರ್ಯ ಬರಲಿ. ಅವಳ ಹುಟ್ಟುಹಬ್ಬಕ್ಕೆ ಕ್ಯಾಮೆರಾ ಸಮೇತ ಬರುತ್ತೇನೆ. ನಿನ್ನ ಯಜಮಾನರಿಗೆ ನಮಸ್ಕಾರ ತಿಳಿಸು.

ಎಂದೂ ನಿನ್ನವಳೇ ಆದ
ಲಕ್ಕಿ

ಮರೆತೆನೆಂದು ಸೇರಿಸುತ್ತಿರುವುದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ತೊಟ್ಟಿಲ ಶಾಸ್ತ್ರದ ದಿನ ನೀನು ನಿಮ್ಮ ಹಾಲ್‌ನ ಗೋಡೆಯಲ್ಲಿರುವ ನಮ್ಮ ಐದನೇ ತರಗತಿಯ ಫೋಟೋ ತೋರಿಸಿ ನಿನ್ನ ಯಜಮಾನರಿಗೆ, "ಲಕ್ಕಿ ನನ್ನ ಜೀವದ ಗೆಳತಿ, ಆದ್ರೆ ಇದ್ರಲ್ಲಿ ಇಲ್ಲ, ಅವತ್ತು ಶಾಲೆಗೇ ಬರ್ಲಿಲ್ಲ" ಎಂದೆಯಲ್ಲ. ನಾನು ಬಂದಿದ್ದೆ ಅಮೂಲ್ಯಾ. ಸಂಜೆಯ ಬಿಸಿಲು ಫೋಟೋ ತೆಗೆಯುವವರ ಬೆನ್ನಿಗಿತ್ತು, ಕ್ಯಾಮೆರಾದ ಪರದೆ ಕಾಣುವುದಿಲ್ಲವೆಂದು ಅವರು ನನ್ನ ಕೈಗೆ ಕೊಡೆ ಕೊಟ್ಟು ಪಕ್ಕದಲ್ಲಿ ನಿಲ್ಲಿಸಿಕೊಂಡರು. ಫೋಟೋ ಮುಗಿಯಿತು, ಎಲ್ಲರೂ ಚದುರಿದರು, ಕೊಡೆ ಹಿಡಿದವಳು ಯಾರಿಗೂ ನೆನಪಾಗಲಿಲ್ಲ. ಆ ಬೇಸಿಗೆಯಲ್ಲೇ ನನ್ನ ಶಾಲೆ ಬಿಟ್ಟುಹೋಯಿತು, ಇನ್ನೊಂದು ಫೋಟೋ ಆಗಲಿಲ್ಲ. ನಿನಗಾದರೂ ನೆನಪಿದೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಆ ಫೋಟೋವನ್ನು ಒಮ್ಮೆ ಹತ್ತಿರದಿಂದ ನೋಡು. ನೀನು ಮುಂದಿನ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದೀಯ. ನಿನ್ನ ಕಾಲಿನ ಹತ್ತಿರ ಮಣ್ಣಿನ ಮೇಲೆ ಕೊಡೆಯ ನೆರಳು ಬಿದ್ದಿದೆ. ಅದರ ಕೆಳಗೆ ಎರಡು ಜಡೆಯ ಸಣ್ಣ ನೆರಳೊಂದಿದೆ. ಅದು ನಾನು. ಹೊಸ ಫೋಟೋದ ಒಂದು ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ. ಹಳೆಯದರ ಪಕ್ಕದಲ್ಲಿ ತೂಗುಹಾಕು. ಪುಟ್ಟಿ ದೊಡ್ಡವಳಾಗಿ ಲಕ್ಕಿ ಚಿಕ್ಕಮ್ಮ ಎಲ್ಲಿ ಎಂದು ಕೇಳಿದರೆ, ಎರಡರಲ್ಲೂ ತೋರಿಸು.