ವಿಸರ್ಜನೆ ಹೇಳದ ಮಗಳಿಗೆ

ಶಾಲೆಯ ಕಚೇರಿ,
ಶನಿವಾರ ಮಧ್ಯಾಹ್ನ

ನನ್ನ ಮುದ್ದು ದಳನಾಯಕಿಗೆ,

ನಿನ್ನ ಅಮ್ಮನ ಸಲಾಮು. ಮೊಣಕೈ ಸರಿಯಾದ ಕೋನದಲ್ಲಿಲ್ಲ ಎಂದು ತಪ್ಪು ಹುಡುಕಬೇಡ. ಇಪ್ಪತ್ತು ವರ್ಷ ಟಪಾಲಿಗೆ ಮೊಹರು ಒತ್ತಿದ ಕೈ ಇದು, ಇದಕ್ಕೆ ಬಗ್ಗುವುದಷ್ಟೇ ಗೊತ್ತು. ಚಿಕ್ಕಮ್ಮನ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಅವಳು ಬಡಿಸುವುದರಲ್ಲಿ ಧಾರಾಳಿ, ಮಾತಿನಲ್ಲಿ ಇನ್ನೂ ಧಾರಾಳಿ. ಬುಧವಾರದ ಸಂಗತಿಯನ್ನು ಇಷ್ಟರಲ್ಲಿ ಆ ಬೀದಿಗೆಲ್ಲ ಹಂಚಿರುತ್ತಾಳೆ. ಹಂಚಲಿ. ಫೋನು ಹಿಡಿದರೆ ನಾನು ಊಟ, ಬಟ್ಟೆ, ನೆಗಡಿ ಎಂದು ಅಡ್ಡದಾರಿ ಹಿಡಿಯುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಬುಧವಾರ ನೀನು ಮಾಡಿದ್ದು ನಿನಗೆ ಮೈದಾನದಿಂದ ಕಂಡಿತು. ನನಗೆ ಕಂಡದ್ದು ಉಗ್ರಾಣದ ಪಕ್ಕದ ಈ ಕಿಟಕಿಯಿಂದ, ಅದನ್ನೂ ನೀನು ಕೇಳಬೇಕು. ಕವಾಯತು ಮುಗಿಯುವ ಹೊತ್ತು. ನೀವೆಲ್ಲ ಬೂಟು ಮೇಷ್ಟ್ರು ಎಂದು ಕರೆಯುವ ಆ ಸೈನಿಕ ತರಬೇತಿಯ ಮೇಷ್ಟ್ರು, ಹಿಂದಿನ ಸಾಲಿನ ಸಣಕಲು ಹುಡುಗಿಗೆ, ಅದೇ ಬಸ್ ಡ್ರೈವರ್ ಮಗಳಿಗೆ, ಸಮವಸ್ತ್ರದ ಅಳತೆ ನೋಡೋದಿದೆ, ಉಗ್ರಾಣಕ್ಕೆ ನಡಿ ಅಂದರು. ಮಿಕ್ಕವರನ್ನ ಬಿಟ್ಬಿಡು ಎಂದು ನಿನಗೆ ಹೇಳಿ ತಾವೂ ಅವಳ ಹಿಂದೆಯೇ ಹೋದರು. ಅದನ್ನು ನೋಡಿ ನಾನು ತಲೆ ತಗ್ಗಿಸಿ ಟಪಾಲು ಪುಸ್ತಕ ಬರೆಯತೊಡಗಿದೆ. ಎಷ್ಟೋ ಸಂಜೆ ಹಾಗೆ ತಗ್ಗಿಸಿದ್ದೇನೆ.

ನೀನು ವಿಸರ್ಜನೆ ಎನ್ನುತ್ತೀಯೆಂದು ಕಾದೆ. ನೀನು ತಲೆ ಎಣಿಸತೊಡಗಿದೆ. ಮೂವತ್ತೊಂದು. ದಳ ಪೂರ್ತಿಯಾಗಿ ಬರಬೇಕು, ಪೂರ್ತಿಯಾಗಿ ಹೋಗಬೇಕು, ಒಂದು ತಲೆ ಕಡಿಮೆಯಿದ್ದರೂ ನಾಯಕಿ ವಿಸರ್ಜನೆ ಹೇಳಬಾರದು ಎಂಬುದು ಆ ಮೇಷ್ಟ್ರೇ ಕಲಿಸಿದ ನಿಯಮ. ತಪ್ಪಿದವರನ್ನು ಬಿಸಿಲಲ್ಲಿ ಮೈದಾನ ಸುತ್ತಿಸಿದವರೂ ಅವರೇ. ನೀನು ಸಾಲನ್ನು ಎಡಕ್ಕೆ ತಿರುಗಿಸಿ, ಮೂವತ್ತೊಂದು ಜನರನ್ನೂ ಉಗ್ರಾಣದ ಬಾಗಿಲಿನವರೆಗೆ ನಡೆಸಿಕೊಂಡು ಬಂದು, ಅಲ್ಲಿ ನಿಂತಲ್ಲೇ ಹೆಜ್ಜೆ ಕುಟ್ಟಿಸಿದೆ. ಗುರುವಿಗೇ ತಿರುಮಂತ್ರ ಎಂಬುದನ್ನು ಮಾತಿನಲ್ಲಿ ಕೇಳಿದ್ದೆ, ಕಣ್ಣಾರೆ ಕಂಡದ್ದು ಅವತ್ತೇ.

ಅದೆಂಥ ಸದ್ದು ಮಗಳೇ. ಗಾಜಿನ ಕಪಾಟಿನಲ್ಲಿ ಮೇಷ್ಟ್ರು ಗೆದ್ದು ತಂದ ಬಹುಮಾನಗಳೆಲ್ಲ ಕಟಕಟ ಎಂದವು. ಗಣಿತದ ಮೇಡಂ ಸೀಮೆಸುಣ್ಣ ಹಿಡಿದುಕೊಂಡೇ ಓಡಿಬಂದರು. ನಮ್ಮ ಮುಖ್ಯೋಪಾಧ್ಯಾಯರು ಗೋಡೆ ಏನಾದ್ರೂ ಬಿತ್ತಾ ಎಂದು ನನ್ನನ್ನು ಕೇಳಿದರು. ಬಾಗಿಲು ತೆರೆಯಿತು. ಇಲ್ಲಿಗೆ ಬರೋಕೆ ಯಾರು ಹೇಳಿದ್ದು ಎಂದು ಮೇಷ್ಟ್ರು ಗದರಿದರು. ಒಬ್ಬಳು ಕಡಿಮೆ ಇದ್ದಾಳೆ ಸರ್, ಕರ್ಕೊಂಡು ಹೋಗೋಕೆ ಬಂದ್ವಿ ಅಂದೆ ನೀನು. ಆ ಹುಡುಗಿ ಹೊರಗೆ ಬಂದು ತನ್ನ ಜಾಗದಲ್ಲಿ ನಿಂತಳು. ನೀನು ಮೂವತ್ತೆರಡು ಎಂದು ಎಣಿಸಿ ಮುಗಿಸಿದ ಮೇಲೂ ಯಾರೂ ಮನೆಗೆ ಹೊರಡಲಿಲ್ಲ, ಅವಳನ್ನು ನಡುವೆ ಇಟ್ಟುಕೊಂಡು ನಿಂತಿರಿ. ಜಿರಳೆ ಕಂಡರೆ ಮಂಚ ಹತ್ತುವ ಹುಡುಗಿ ಇವಳೇನಾ ಎಂದುಕೊಂಡೆ. ಬಚ್ಚಲಿಗೆ ಹೋಗಿ ಅತ್ತೆ. ಹೆಮ್ಮೆಗೂ ಅತ್ತೆ, ನಾಚಿಕೆಗೂ ಅತ್ತೆ.

ಆ ನಾಚಿಕೆಯನ್ನೇ ಈಗ ಹೇಳಬೇಕಾಗಿದೆ. ಮರುದಿನದಿಂದ ಮೇಷ್ಟ್ರಿಗೆ ಶಾಲೆಗೆ ಬರಬೇಡಿ ಎಂದಿದ್ದಾರೆ. ನಿನ್ನೆ ವಿಚಾರಣೆಗೆ ಮೂವರು ಬಂದು ಕೂತರು. ಇದೆಲ್ಲ ಬಡ್ತಿ ಸಿಗದ ದಳನಾಯಕಿ ಕಟ್ಟಿದ ಕತೆ, ಇಷ್ಟು ವರ್ಷದಲ್ಲಿ ನನ್ನ ಮೇಲೆ ಒಂದಾದ್ರೂ ದೂರು ಬಂದಿದ್ಯಾ ಕೇಳಿ ಎಂದರು ಮೇಷ್ಟ್ರು. ಒಂದೂ ಇಲ್ಲ ಅಂದರು ಮುಖ್ಯೋಪಾಧ್ಯಾಯರು. ನಡಾವಳಿ ಬರೆಯಲು ಕೂತಿದ್ದವಳು ನಾನು. ಒಂದೂ ಇಲ್ಲ ಎಂದು ದುಂಡಗೆ ಬರೆದೆ.

ಒಂದು ಇತ್ತು. ಹೋದ ವರ್ಷ ಟಪಾಲಿನಲ್ಲಿ ಸಹಿಯಿಲ್ಲದ ಹಾಳೆಯೊಂದು ಬಂದಿತ್ತು. ಉಗ್ರಾಣ, ಅಳತೆ, ಮುಚ್ಚಿದ ಬಾಗಿಲು, ಎಲ್ಲ ಅದರಲ್ಲಿತ್ತು. ಹೆಸರಿಲ್ಲದ್ದಕ್ಕೆಲ್ಲ ತಲೆ ಕೆಡಿಸ್ಕೋಬೇಡಿ, ಎಲ್ಲಾದ್ರೂ ಸೇರಿಸಿಬಿಡಿ ಅಂದರು ಮುಖ್ಯೋಪಾಧ್ಯಾಯರು. ನಾನು ಮೊಹರು ಒತ್ತಿ, ಸಂಖ್ಯೆ ಕೊಟ್ಟು, ಒಡೆದ ಬೆಂಚುಗಳ ಕಡತದಲ್ಲಿ ಇಟ್ಟೆ. ಕ್ರಮ ಎಂಬ ಕಾಲಮಿನಲ್ಲಿ ‘ಮುಗಿದಿದೆ’ ಎಂದು ಬರೆದೆ. ಟಪಾಲು ಗುಮಾಸ್ತೆಗೆ ಯಾವ ಕಾಲಮೂ ಖಾಲಿ ಬಿಡಬಾರದೆಂಬ ಚಟ. ಏನೂ ಶುರುವಾಗದ್ದನ್ನು ಮುಗಿಸಿಬಿಟ್ಟೆ. ಅದಾದ ಮೇಲೂ ಒಂದು ವರ್ಷ ಹುಡುಗಿಯರು ಆ ಬಾಗಿಲು ದಾಟಿದರು.

ಇವತ್ತು ಬೆಳಿಗ್ಗೆ ಆ ಹಾಳೆಯನ್ನೂ ಟಪಾಲು ಪುಸ್ತಕವನ್ನೂ ವಿಚಾರಣೆಯ ಅಧ್ಯಕ್ಷೆಯ ಕೈಗೆ ಕೊಟ್ಟು ಬಂದೆ. ನಿನ್ನೆಯ ನಡಾವಳಿ ಸುಳ್ಳು, ಮೊಹರು ನನ್ನದೇ ಎಂದು ಬರೆದು ಸಹಿ ಹಾಕಿದೆ. ನಿಮ್ಮ ಕೆಲಸಕ್ಕೆ ಕುತ್ತು ಬರಬಹುದು, ಯೋಚನೆ ಮಾಡಿದ್ದೀರಾ ಅಂದರು ಅವರು. ನೀರಿಗಿಳಿದ ಮೇಲೆ ಚಳಿಯೇನು ಎಂದೆ. ಬಾಯಲ್ಲಿ ಹಾಗೆಂದರೂ ಹೊರಗೆ ಬಂದು ಮೊದಲ ಮೆಟ್ಟಿಲ ಮೇಲೇ ಕೂತುಬಿಟ್ಟೆ. ನಿನಗಿರುವ ಗುಂಡಿಗೆ ನನ್ನ ಕಡೆಯಿಂದ ಬಂದದ್ದಲ್ಲ, ಅದು ನಿನ್ನದೇ ಸಂಪಾದನೆ.

ಮಂಗಳವಾರ ನಿನ್ನ ಹೇಳಿಕೆ. ಇನ್ನು ನಿನ್ನ ಮಾತು ಒಂಟಿಯಲ್ಲ, ಅದರ ಪಕ್ಕದಲ್ಲಿ ಆ ಹಾಳೆಯೂ ಇರುತ್ತದೆ. ಈ ಪತ್ರ ತಂದು ಕೊಟ್ಟವರು ಆ ಹುಡುಗಿಯ ಅಪ್ಪ. ಸೋಮವಾರ ಅವರ ಬಸ್ಸಿನಲ್ಲೇ ಬಾ, ಮುಂದಿನ ಸೀಟು ನಿನಗೇ ಎಂದಿದ್ದಾರೆ. ಗಲಾಟೆ ತಣ್ಣಗಾಗಲಿ ಎಂದು ನಿನ್ನನ್ನು ಅಲ್ಲಿಗೆ ಕಳಿಸಿದೆ ಅಂದಿದ್ದೆನಲ್ಲ, ಅದು ನೆಪ. ನಿನ್ನ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ.

ತಡವಾಗಿ ಸಹಿ ಹಾಕಿದ,
ನಿನ್ನ ಅಮ್ಮ

ತಾ.ಕ.: ಆ ಹಾಳೆ ಯಾರದೆಂದು ಅಧ್ಯಕ್ಷೆ ಕೇಳಿದರು, ಗೊತ್ತಿಲ್ಲ ಎಂದೆ. ಅದನ್ನು ಹೇಳುವುದೂ ಬಿಡುವುದೂ ನಿನಗೆ ಸೇರಿದ್ದು. ನೀನು ಎಡಗೈಯಲ್ಲಿ ಬರೆದಿದ್ದರೂ ಅದು ಬಂದ ದಿನವೇ ನನಗೆ ಅಕ್ಷರದ ಗುರುತು ಸಿಕ್ಕಿತ್ತು. ನಿನ್ನ ಕೈ ಹಿಡಿದು ತಿದ್ದಿಸಿದವಳು ನಾನಲ್ಲವೇ. ಗೊತ್ತಿದ್ದೇ ಕಡತಕ್ಕೆ ಹಾಕಿದೆ. ಅದರಲ್ಲಿ ನೀನು ‘ನನ್ನ ಗೆಳತಿಯೊಬ್ಬಳಿಗೆ ಹೀಗಾಯಿತು’ ಎಂದು ಬರೆದಿದ್ದೆ. ಆ ಗೆಳತಿ ನೀನೇನಾ ಎಂದು ಅವತ್ತು ಮನೆಗೆ ಬಂದು ಕೇಳಬೇಕಿತ್ತು, ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ಉತ್ತರ ಬರೆಯಬೇಡ, ಬಸ್ಸು ಬರುವ ಮೊದಲೇ ನಾನು ನಿಲ್ದಾಣದಲ್ಲಿರುತ್ತೇನೆ.