ಅತ್ತೆಯ ಮಂಡಿ ನೋವು

ಓಲ್ಡ್ ಟೌನ್, ಭದ್ರಾವತಿ
19 ಜನವರಿ 2025, ಭಾನುವಾರ

ಪ್ರೀತಿಯ ನಾಗವೇಣಕ್ಕ,

ಹೇಗಿದ್ದೀರಿ? ಭಿಲಾಯಿಯ ಚಳಿ ಭಾವನವರ ಕೆಮ್ಮನ್ನು ಎಬ್ಬಿಸಿಲ್ಲ ತಾನೆ? ಲಿಖಿತಾಳ ಪರೀಕ್ಷೆ ಮುಗಿಯಿತೆ? ಇಲ್ಲಿ ನಿಮ್ಮ ಅಮ್ಮ, ನಿಮ್ಮ ತಮ್ಮ ರೂಪೇಶ್, ನಾನು ಮೂವರೂ ಚೆನ್ನಾಗಿದ್ದೇವೆ. ಆರು ತಿಂಗಳಲ್ಲಿ ಮೊದಲ ಸಲ ಈ ಮಾತನ್ನು ಸುಳ್ಳಿಲ್ಲದೆ ಹೇಳುತ್ತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಿಮ್ಮ ಮನೆಯ ಫೋನು ಸದಾ ಸ್ಪೀಕರಿನಲ್ಲಿ, ಸೋಫಾದಲ್ಲಿ ಕೂತವರೆಲ್ಲ ಕೇಳುಗರು. ಇದು ನಿಮಗೊಬ್ಬರಿಗೇ ಬರೆದದ್ದು.

ಕಳೆದ ಆಷಾಢದಲ್ಲಿ ಅತ್ತೆ ದೇವರ ದೀಪ ಹಚ್ಚುವುದನ್ನು ಬಿಟ್ಟರು. ನಾನು ಈ ಮನೆಗೆ ಬಂದ ಇಪ್ಪತ್ತೆರಡು ವರ್ಷಗಳಲ್ಲಿ ಆ ಕೆಲಸವನ್ನು ಅವರು ಬೇರೆಯವರಿಗೆ ಬಿಟ್ಟವರಲ್ಲ. "ನೀನೇ ಹಚ್ಚೇ ಸುಷ್ಮಾ, ಮಂಡಿ ನೋವು, ಬಗ್ಗಕ್ಕಾಗಲ್ಲ" ಎಂದರು. ದೇವರ ಕೋಣೆಗೆ ಅವರನ್ನು ಕೇಳದೆ ಟೈಲ್ಸ್ ಹಾಕಿಸಿದ್ದೆ. ಅದರ ಮುನಿಸು ಎಂದುಕೊಂಡೆ. ನಾಲ್ಕು ದಿನದ ಮೇಲೆ ತಾವೇ ಹಚ್ಚಿದರು, ವಾರ ಕಳೆದರೆ ಮತ್ತೆ ಮಂಡಿ ನೋವು. ಮೂರನೆಯ ಸಲ ಹೀಗಾದಾಗ ಹಿತ್ತಲಿಗೆ ಹೋಗಿ ನೋಡುತ್ತೇನೆ, ಕುಕ್ಕರಗಾಲಿನಲ್ಲಿ ಕೂತು ಬಸಳೆಯ ಬುಡಕ್ಕೆ ಮಣ್ಣೇರಿಸುತ್ತಿದ್ದಾರೆ. ಮಂಡಿ ನೋಯುವುದು ದೇವರ ಮುಂದೆ ಮಾತ್ರ. ಪಕ್ಕದಲ್ಲಿ ಕೂತು, ಹೊರಗಾಗಿದ್ದೀರಾ ಎಂದು ಮೆಲ್ಲಗೆ ಕೇಳಿದೆ. "ಎಪ್ಪತ್ತೊಂದಕ್ಕೆ ಮತ್ತೆ ಹುಡುಗಿ ಆಗಿದೀನಿ ಕಣೆ. ಯಾರಿಗೂ ಹೇಳ್ಬೇಡ" ಎಂದು ನಕ್ಕರು. ನಗುತ್ತಿದ್ದರೂ ಕೈ ಸೆರಗನ್ನು ಹಿಂಡುತ್ತಿತ್ತು. ಇಪ್ಪತ್ತು ವರ್ಷದ ಹಿಂದೆ ನಿಂತುಹೋದದ್ದು ಮತ್ತೆ ಕಂಡಾಗ ಅವರಿಗೆ ಹೊಳೆದದ್ದು ದೇವರಿಗೆ ಮೈಲಿಗೆಯಾಗಬಾರದು ಎಂಬುದಷ್ಟೇ. ವೈದ್ಯರು ಹೊಳೆಯಲೇ ಇಲ್ಲ.

ಮರುದಿನ ಶಿವಮೊಗ್ಗದ ವಿನೋಬನಗರದಲ್ಲಿ ಡಾಕ್ಟರ್ ಅಮೂಲ್ಯ ಅವರಿಗೆ ತೋರಿಸಿದೆವು. ಪರೀಕ್ಷಿಸಿ, ಒಂದು ಚೂರು ತೆಗೆದು ಲ್ಯಾಬಿಗೆ ಕಳಿಸಿದರು. ಆಮೇಲೆ ಸ್ಕ್ಯಾನೂ ಆಯಿತು. ಗರ್ಭಕಂಠದ ಕ್ಯಾನ್ಸರ್, ಎರಡನೇ ಹಂತ, ಗುಣವಾಗುವ ಸಾಧ್ಯತೆ ಚೆನ್ನಾಗಿದೆ ಎಂದರು. ರೂಪೇಶ್ ರಿಪೋರ್ಟನ್ನು ಮತ್ತೆ ಮತ್ತೆ ತಿರುವುತ್ತಿದ್ದರೆ ಅತ್ತೆ ಕೇಳಿದ್ದು, "ಗರ್ಭಕ್ಕೂ ಕಂಠ ಇರುತ್ತೇನವ್ವಾ? ಮತ್ತೆ ಇಷ್ಟು ದಿನ ಕೂಗದೆ ಸುಮ್ನಿತ್ತಲ್ಲ." ಡಾಕ್ಟರ್ ನಕ್ಕುಬಿಟ್ಟರು. ಹೊರಗೆ ಬಂದು ಅತ್ತೆ ನನ್ನಿಂದ ಆಣೆ ಮಾಡಿಸಿಕೊಂಡರು: ಮುಗಿಯುವ ತನಕ ನಾಗವೇಣಿಗೆ ಗೊತ್ತಾಗಬಾರದು. ನೀವು ಕ್ಷಮಿಸಬೇಕು ಅಕ್ಕ. ಕೂದಲು ಹೆಚ್ಚು ಉದುರಲಿಲ್ಲ, ಹಾಗಾಗಿ ವಿಡಿಯೊದಲ್ಲೂ ನಿಮಗೆ ತಿಳಿಯಲಿಲ್ಲ.

ವಾರಕ್ಕೈದು ದಿನದಂತೆ ಇಪ್ಪತ್ತೈದು ದಿನ ವಿಕಿರಣ, ವಾರಕ್ಕೊಮ್ಮೆ ಕೀಮೋ ಡ್ರಿಪ್. ದಿನಾ ಇಲ್ಲಿಂದ ಶಿವಮೊಗ್ಗಕ್ಕೆ ಬಸ್ಸು. ಸುಸ್ತು, ಭೇದಿ, ಅನ್ನ ಕಂಡರೆ ವಾಕರಿಕೆ, ಎಲ್ಲ ಇತ್ತು. ಯಂತ್ರದ ಕೆಳಗೆ ಮಲಗುವಾಗ ಮೂತ್ರಕೋಶ ತುಂಬಿರಬೇಕು. ನೀರು ಆಸ್ಪತ್ರೆ ಸೇರಿದ ಮೇಲೆ ಕುಡಿಯಿರಿ ಎಂದರೆ ಕೇಳದೆ ಒಂದು ದಿನ ಬಸ್ಸಿನಲ್ಲೇ ಒಂದು ಬಾಟಲಿ ಮುಗಿಸಿದರು. ಆಮೇಲೆ ರಸ್ತೆಯ ಪ್ರತಿ ಉಬ್ಬಿಗೂ ಡ್ರೈವರನ ವಂಶಕ್ಕೆ ಒಂದೊಂದು ಬೈಗುಳ. ಕಂಡಕ್ಟರ್ ಜಂಬಣ್ಣ, "ಅಜ್ಜೀ, ಇಪ್ಪತ್ತೈದರಲ್ಲಿ ಇವತ್ತು ಎಷ್ಟನೇದು?" ಎಂದು ದಿನವೂ ಕೇಳುತ್ತಿದ್ದ. ನಾನು ಕವಿತೆಯ ಪುಸ್ತಕ ತೆರೆದರೆ ಅತ್ತೆ ಇಣುಕಿ, "ಏನೇ ಇದು, ಸಾಲೆಲ್ಲ ಅರ್ಧಕ್ಕೇ ನಿಂತಿದೆ. ಕಾಗದ ದಂಡ" ಎನ್ನುತ್ತಿದ್ದರು. ಕೊನೆಯ ವಾರ ಓದಿಸಿಕೊಂಡು ಕೇಳಿ, "ಅರ್ಧಕ್ಕೆ ನಿಲ್ಲಿಸಿದ್ದು ಪರವಾಗಿಲ್ಲ, ಉಸಿರು ತಗೋಬಹುದು" ಎಂದರು. ಎಂ.ಎ. ತರಗತಿಯಲ್ಲಿ ನನಗೆ ಯಾರೂ ಇಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ.

ಚಿಕಿತ್ಸೆಯ ಮೂರನೆಯ ವಾರ ರಕ್ತ ನಿಂತಿತು. ಅತ್ತೆ ಸ್ನಾನ ಮಾಡಿ ಬಂದು, ದೀಪ ಹಚ್ಚಲು ಹೊರಟಿದ್ದ ನನ್ನ ಕೈಯಿಂದ ಬೆಂಕಿಪೊಟ್ಟಣ ಕಿತ್ತುಕೊಂಡರು. ಆಮೇಲೆ ಒಳಗಿನಿಂದ ಕೊಡುವ ವಿಕಿರಣವೂ ಆಯಿತು. ನಿನ್ನೆ ತಪಾಸಣೆಗೆ ಹೋದಾಗ, ಗೆಡ್ಡೆಯ ಗುರುತೇ ಕಾಣುತ್ತಿಲ್ಲ, ಮೂರು ತಿಂಗಳಿಗೊಮ್ಮೆ ಬಂದು ಹೋಗಿ ಎಂದರು. ಈಗ ಅತ್ತೆ ಬಸಳೆ ಸೊಪ್ಪು ಬಿಡಿಸುತ್ತ, ನಾನು ಬರೆಯುವುದು ನಿಧಾನವಾಯಿತೆಂದು ಗೊಣಗುತ್ತಿದ್ದಾರೆ.

ಭಾವನವರಿಗೆ ನಮಸ್ಕಾರ, ಲಿಖಿತಾಳಿಗೆ ಮುದ್ದು. ನಿಮ್ಮ ತಲೆ ಮೇಲೆ ಕೈಯಿಟ್ಟಿದ್ದೇನೆಂದು ಬರೆಯಲು ಅತ್ತೆ ಹೇಳಿದ್ದಾರೆ.

ನಿಮ್ಮ
ಸುಷ್ಮಾ

ತಾ.ಕ.: ಸಂಕ್ರಾಂತಿಯ ದಿನ ವಿಡಿಯೊದಲ್ಲಿ ನಿಮ್ಮ ಮನೆಯ ಪೂಜೆ ನೋಡಿದೆವು. ದೀಪ ಹಚ್ಚಿದ್ದು ಲಿಖಿತಾ. ದೀಪಾವಳಿಯಲ್ಲೂ ಅವಳೇ. ಮಂಡಿ ನೋವು ಎಂದಿರಿ. ಫೋನಿಟ್ಟ ಮೇಲೆ ಅತ್ತೆ, "ಅವಳ ಮಂಡಿನೂ ನನ್ನ ಮಂಡಿ ಥರಾನೇ ಇದೆ ಕಣೆ. ಕಾಗದ ಬರಿ" ಎಂದರು. ನಿಮಗೆ ನಿಂತು ಮೂರು ವರ್ಷವಾಯಿತಲ್ಲವೇ ಅಕ್ಕ? ಇದು ತಾಯಿಯಿಂದ ಮಗಳಿಗೆ ಬರುವ ಕಾಯಿಲೆಯಲ್ಲವಂತೆ, ನಿಮ್ಮದು ಬೇರೇನೋ ಸಣ್ಣದೂ ಇರಬಹುದು. ಆದರೆ ನೋಡಿಸದೆ ತಿಳಿಯುವುದಿಲ್ಲ. ನಿಜವಾಗಿ ಮಂಡಿಯೇ ಆಗಿದ್ದರೆ ಫೋನ್ ಮಾಡಿ ನನ್ನನ್ನು ಬೈಯಿರಿ, ಸ್ಪೀಕರಿನಲ್ಲೇ ಬೈಯಿರಿ. ಅಲ್ಲವಾದರೆ ಕಾಗದ ಮಡಿಸಿಟ್ಟು ಇವತ್ತೇ ಡಾಕ್ಟರ ಹತ್ತಿರ ಹೋಗಿ.