ಮಣಕ ಕಂದು ಹಾಕಿದ ವರ್ಷ

ಹೂಳಿನ ನೂರ ಮೂವತ್ತೊಂದನೆಯ ವರ್ಷ,
ಕೋಣ ಬಿಡುವ ತಿಂಗಳ ಒಂಬತ್ತನೆಯ ದಿನ,
ಹಿನ್ನೀರದಿನ್ನಿ.

ನಮಗಿಂತ ಮೊದಲು ಈ ನೆಲದಲ್ಲಿ ಬಾಳಿದ ಹಿರಿಯರಿಗೆ ಹುಲಿಗೆವ್ವನ ನಮಸ್ಕಾರಗಳು.

ಮೇಲೆ ಬರೆದ ತಾರೀಖು ನಿಮ್ಮ ಯಾವ ಪಂಚಾಂಗದಲ್ಲೂ ಸಿಗುವುದಿಲ್ಲ. ನಿಮ್ಮ ಕಾಲದಲ್ಲಿ ನೀರು ತುಂಬಿ ನಿಂತಿದ್ದ ಅಣೆಕಟ್ಟು ಹೂಳು ತುಂಬಿ ನಿಂತಿತು. ಅದರ ಬಾಗಿಲುಗಳನ್ನು ಕೊನೆಯ ಸಲ ಎತ್ತಿ ಹಾಗೆಯೇ ಬಿಟ್ಟ ವರ್ಷದಿಂದ ನಾವು ಕಾಲವನ್ನು ಎಣಿಸುತ್ತೇವೆ. ನಮ್ಮ ತಿಂಗಳುಗಳಿಗೆ ಹೆಸರು ಬಂದಿರುವುದು ಎಮ್ಮೆಗಳ ಕೆಲಸದಿಂದ: ಕೋಣ ಬಿಡುವ ತಿಂಗಳು, ಈಯುವ ತಿಂಗಳು, ಮೊಲೆ ಬಿಡಿಸುವ ತಿಂಗಳು. ನನ್ನ ಮಾತುಗಳು ಕೆಲವು ಕಡೆ ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ಈ ಪತ್ರ ಹಿಂದಿನ ಕಾಲಕ್ಕೆ ಹೇಗೆ ತಲುಪುತ್ತದೆ ಎಂದು ನನಗೂ ಗೊತ್ತಿಲ್ಲ. ಬರೆಯದೆ ಇರಲು ಆಗದಿದ್ದಕ್ಕೆ ಬರೆಯುತ್ತಿದ್ದೇನೆ.

ನಾನು ಇಲ್ಲಿಯ ಹಿಂಡವ್ವ. ಯಾವ ಎಮ್ಮೆಗೆ ಗಬ್ಬ ಕಟ್ಟಿಸಬೇಕು, ಯಾವುದನ್ನು ಮಾಂಸಕ್ಕೆ ಕಳಿಸಬೇಕು, ಯಾವ ಕರುವನ್ನು ಯಾವಾಗ ತಾಯಿಯಿಂದ ಬೇರೆ ಮಾಡಬೇಕು ಎಂದು ತೀರ್ಮಾನಿಸುವವಳನ್ನು ಹಾಗೆ ಕರೆಯುತ್ತಾರೆ. ಹೂಳಿನ ನೆಲ ಸವಳು. ಅದರಲ್ಲಿ ಜೋಳ ಬೆಳೆಯುವುದಿಲ್ಲ, ಆಪು ಮತ್ತು ಒರಟು ಹುಲ್ಲು ಎದೆಯೆತ್ತರ ಬೆಳೆಯುತ್ತವೆ. ಅದನ್ನು ತಿಂದು ಬದುಕಬಲ್ಲದ್ದು ಎಮ್ಮೆ, ಎಮ್ಮೆಯನ್ನು ತಿಂದು ಬದುಕುವವರು ನಾವು ಅರವತ್ತು ಜನ. ನಾವು ಹಾಲು ಕರೆಯುವುದಿಲ್ಲ. ಹಾಲೆಲ್ಲ ಕರುವಿಗೆ. ಏಳು ತಿಂಗಳು ತಾಯಿಯ ಮೊಲೆ ಕುಡಿದು ಬೆಳೆದ ಗಂಡುಕರು ಮೂರನೆಯ ವರ್ಷಕ್ಕೆ ನಮ್ಮ ಊಟ. ಹೆಣ್ಣುಕರು ಉಳಿದು ಹಿಂಡಾಗಬೇಕು. ಕೋಣವನ್ನು ಎಂಟೇ ವಾರ ಹಿಂಡಿನಲ್ಲಿ ಬಿಡುತ್ತೇವೆ, ಎಲ್ಲ ಎಮ್ಮೆಗಳೂ ಮಳೆ ಬಿದ್ದು ಹುಲ್ಲು ಚಿಗುರುವ ಹೊತ್ತಿಗೆ ಒಟ್ಟಿಗೆ ಈಯಲಿ ಎಂದು. ತಡವಾಗಿ ಈದರೆ ತಾಯಿ ಬಡವಾಗುತ್ತದೆ, ಬಡವಾದ ಎಮ್ಮೆಗೆ ಮರುವರ್ಷ ಗಬ್ಬ ಕಟ್ಟುವುದಿಲ್ಲ. ವರ್ಷಕ್ಕೆ ಮೂರು ಸಲ ಒಂದೊಂದರ ಬೆನ್ನೆಲುಬಿನ ಮೇಲೆ, ಸೊಂಟದ ಮೂಳೆಯ ಮೇಲೆ ಅಂಗೈ ಇಟ್ಟು ಮಾಂಸ ಎಷ್ಟಿದೆ ಎಂದು ನೋಡುತ್ತೇನೆ. ನನಗೀಗ ಅರವತ್ತಮೂರು. ಕಣ್ಣು ಮಂದವಾಗಿದೆ, ಅಂಗೈಗೆ ಮಾತ್ರ ಇನ್ನೂ ಗೊತ್ತಾಗುತ್ತದೆ.

ಹೇಳಬೇಕಾದದ್ದು ನನಗೆ ಮೂವತ್ತನಾಲ್ಕಾಗಿದ್ದಾಗ ನಡೆದದ್ದು.

ಮೂರು ವರ್ಷಕ್ಕೊಮ್ಮೆ ನಾವು ಬೇರೆ ದಿನ್ನಿಯವರೊಂದಿಗೆ, ಅಂದರೆ ಬೇರೆ ದಿಬ್ಬದ ಮೇಲಿನ ಊರವರೊಂದಿಗೆ, ಕೋಣ ಬದಲಿಸಿಕೊಳ್ಳಬೇಕು, ಮಗಳ ಮೇಲೆ ತಂದೆ ಹತ್ತಬಾರದೆಂದು. ಆಗ ಹಳ್ಳದ ದಾರಿ ಕುಸಿದು ಒಂಬತ್ತು ವರ್ಷ ಕೋಣ ಕೊಡುವವರು ಯಾರೂ ಬಂದಿರಲಿಲ್ಲ. ಒಂದೇ ಕೋಣ ಹೆಣ್ಣುಮಕ್ಕಳನ್ನೂ ಮೊಮ್ಮಕ್ಕಳನ್ನೂ ಹತ್ತಿತ್ತು. ಕರುಗಳು ಬೆಕ್ಕಿನಷ್ಟೇ ಹುಟ್ಟತೊಡಗಿದವು. ಒಂದರ ಮುಂಗಾಲು ಮಡಿಚಿಕೊಂಡೇ ಇತ್ತು, ಅದು ಮೊಣಕಾಲಲ್ಲಿ ತೆವಳಿ ಮೊಲೆ ಹುಡುಕುತ್ತಿತ್ತು. ಅಂಥ ಹೊತ್ತಿಗೆ, ಬೇಸಿಗೆ ಶುರುವಾಗುವಾಗ, ನನ್ನ ತಮ್ಮ ಯಂಕೋಬ ನಾಲ್ಕು ಜನರೊಂದಿಗೆ ಗುಡ್ಡ ಬಳಸಿ ಆರು ದಿನ ನಡೆದುಹೋಗಿ ಹೊಸ ಕೋಣವನ್ನು ಹೊಡೆದುಕೊಂಡು ಬಂದ. ಅದರ ಜೊತೆಗೆ ಮೊದಲ ಸಲ ಗಬ್ಬವಾಗಿದ್ದ ಒಂದು ಮಣಕವನ್ನೂ ಅವರು ಕೊಟ್ಟಿದ್ದರು. ಊರೆಲ್ಲ ಬಂದು ಆ ಕೋಣದ ಎದೆಯ ಅಗಲ ನೋಡಿತು. ನಾನು ಅದನ್ನು ಬೇರೆ ದೊಡ್ಡಿಯಲ್ಲಿ ಕಟ್ಟಿಸಿದೆ. ಮಣಕವನ್ನು ಹಿಂಡಿನಲ್ಲಿ ಬಿಟ್ಟೆ. ಹೊಸದಾಗಿ ಬಂದದ್ದನ್ನು ಈಯುವ ತನಕ ಬೇರೆ ಇಡಬೇಕು ಎಂದು ಗೊತ್ತಿದ್ದರೂ ಬಿಟ್ಟೆ, ಇನ್ನೊಂದು ದೊಡ್ಡಿಗೂ ನೀರು ಹೊರುವ ಕೈ ಸಾಲದು ಎಂದು.

ತಿಂಗಳೊಳಗೆ ಒಂದು ಬೆಳಿಗ್ಗೆ ಆ ಮಣಕ ಹುಲ್ಲಿನ ನಡುವೆ ಕಂದು ಹಾಕಿ ನಿಂತಿತ್ತು. ದಿನ ತುಂಬುವ ಮೊದಲೇ ಸತ್ತ ಕರು ಹಾಕುವುದನ್ನು ನೀವೂ ಹಾಗೇ ಹೇಳುತ್ತಿದ್ದಿರಂತೆ. ಏಳು ತಿಂಗಳ ಕರು, ಮೈಮೇಲೆ ಕೂದಲು ಸರಿಯಾಗಿ ಮೂಡಿರಲಿಲ್ಲ. ನನ್ನ ಜೊತೆ ಇದ್ದವಳು ಬಾಳವ್ವ, ಯಂಕೋಬನ ಹೆಂಡತಿ, ಇಪ್ಪತ್ತನಾಲ್ಕು ವರ್ಷದವಳು. ಈಯುವ ಕೆಲಸದಲ್ಲಿ ಅವಳಷ್ಟು ನವಿರಾದ ಕೈ ನಮ್ಮಲ್ಲಿ ಇನ್ನೊಂದಿರಲಿಲ್ಲ. ಅವಳಿಗೆ ಆಗ ಮೂರು ತಿಂಗಳಾಗಿತ್ತು.

"ಅಕ್ಕಾ, ಮಾಸು ಬಿದ್ದಿಲ್ಲ, ಒಳಗ ಉಳದೈತಿ," ಎಂದಳು. "ಕೈ ಹಾಕಿ ತಗೀಲೇನು?"

"ತಗಿ," ಎಂದೆ.

ಮೊಣಕೈವರೆಗೆ ಬರಿಗೈ ಹಾಕಿ ಅವಳು ಮಾಸನ್ನು, ಕರುವನ್ನು ಸುತ್ತಿದ್ದ ಚೀಲವನ್ನು, ಬಿಡಿಸಿ ತೆಗೆದಳು. ಅದು ಹಳದಿಯಾಗಿ, ತೊಗಲಿನಂತೆ ದಪ್ಪವಾಗಿತ್ತು. ಅದನ್ನು ನೋಡಿದ ಕೂಡಲೇ ಇಬ್ಬರಿಗೂ ಗೊತ್ತಾಯಿತು, ಇದು ಹಿಂಡಿಗೆ ಹಿಂಡೇ ಕಂದು ಹಾಕಿಸುವ ಅಂಟುರೋಗ, ಕಂದುರೋಗ ಎಂದು.

"ಮಾಬೂಬಿ ಚಾಚಿಗೆ ಹೇಳಿ ಕಳಸೋಣೇನಕ್ಕಾ?"

ಮಾಬೂಬಿ ಹಳ್ಳದ ಈಚೆಯೇ ಇರುವ, ಆಕಳು ಸಾಕುವ ಮೇಲಿನ ದಿನ್ನಿಯ ಪರೀಕ್ಷೆಯವಳು. ದನಗಳ ರಕ್ತ ನೋಡಿ ಕಂದುರೋಗ ಇದೆಯೋ ಇಲ್ಲವೋ ಎಂದು ಹೇಳಬಲ್ಲವಳು. ಅವಳನ್ನು ಕರೆದರೆ ಮಣಕವನ್ನು ಕೊಲ್ಲುತ್ತಾರೆ, ಜೊತೆಗೆ ಬಂದ ಕೋಣವನ್ನೂ ಕೊಲ್ಲುತ್ತಾರೆ ಎಂದು ನನ್ನ ತಾಯಿ ಹೇಳಿದ್ದಳು. ಒಂಬತ್ತು ವರ್ಷ ಕಾದು ಬಂದ ಕೋಣ. ಮಡಿಚಿದ ಕಾಲಿನ ಆ ಕರು ನನ್ನ ಕಣ್ಣಮುಂದೆ ಬಂತು.

"ಮೊನ್ನಿ ಹಳ್ಳದಾಗ ಕಾಲು ಜಾರಿತ್ತು, ಅದಕ್ಕ ಹಾಕೈತಿ," ಎಂದೆ. "ಯಾರ ಮುಂದೂ ಹೇಳಬ್ಯಾಡ. ಇಲ್ಲೇ ಹೂಳು."

ಅವಳು ನನ್ನ ಮುಖವನ್ನು ನೋಡಿದಳು. "ಹೂಂ" ಎಂದು ಗುಂಡಿ ತೋಡಿದಳು. ನಾನು ಹಿಂಡವ್ವ, ಗಂಡನ ಅಕ್ಕ. ನನ್ನ ಮಾತಿಗೆ ಎದುರಾಡಿ ಅವಳಿಗೆ ಅಭ್ಯಾಸವಿರಲಿಲ್ಲ.

ಗುಂಡಿ ಮುಚ್ಚಿದ ಜಾಗದ ಸುತ್ತಲಿನ ಹುಲ್ಲನ್ನು ಹಿಂಡು ಅದೇ ದಿನ ಮೇಯಿತು. ಮಳೆ ಬೀಳುವುದರೊಳಗೆ ಒಂದರ ಹಿಂದೆ ಒಂದು, ಹನ್ನೊಂದು ಎಮ್ಮೆ ಕಂದು ಹಾಕಿದವು. ಮೂರನೆಯದಕ್ಕೇ ನಾನು ಬಾಯಿ ಬಿಡಬೇಕಿತ್ತು. ಆದರೆ ಮೊದಲನೆಯದನ್ನು ಮುಚ್ಚಿಟ್ಟವಳು ಮೂರನೆಯದನ್ನು ಹೇಳುವುದು ಹೇಗೆ? ಹುಲ್ಲಿನಲ್ಲಿ ಬೂಷ್ಟು ಇದೆ ಎಂದೆ. ನೀರು ಕೆಟ್ಟಿದೆ ಎಂದು ಹಿಂಡನ್ನು ಬೇರೆ ಮಡುವಿಗೆ ಹೊಡೆಸಿದೆ. ಬಾಳವ್ವನಿಗೆ ಆ ಹೊತ್ತಿಗಾಗಲೇ ಅದೇ ರೋಗದ ಜ್ವರ ಹಿಡಿದಿತ್ತು. ಬೆಳಿಗ್ಗೆ ಇಲ್ಲ, ಸಂಜೆಗೆ ಏರುತ್ತದೆ, ಮೈ ಬೆವರಿ ಸೀರೆ ತೋಯುತ್ತದೆ, ಸೊಂಟ ಹಿಡಿದು ಏಳಲಾಗುವುದಿಲ್ಲ. ಹತ್ತು ದಿನ ಬಿಟ್ಟು ಹೋಗಿ ಮತ್ತೆ ಬರುತ್ತದೆ. ಮಳೆ ಶುರುವಾದ ವಾರ ಅವಳ ಹೊಟ್ಟೆಯಲ್ಲಿದ್ದದ್ದು ಹೋಯಿತು. ಗಂಡು. ಯಂಕೋಬ ಅದನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಹೋದದ್ದನ್ನು ನಾನು ದೊಡ್ಡಿಯ ಬಾಗಿಲಲ್ಲಿ ನಿಂತು ನೋಡಿದೆ. ಹತ್ತಿರ ಹೋಗಲಿಲ್ಲ.

ಮಳೆ ನಿಂತು ದಾರಿ ಒಣಗಿದ ಮೇಲೆ ಮಾಬೂಬಿಯನ್ನು ಕರೆಸಿದವನು ಯಂಕೋಬ, ನಾನಲ್ಲ. ಆಕೆ ನಲವತ್ತೊಂದು ತಾಯೆಮ್ಮೆಗಳ ಕುತ್ತಿಗೆಯಿಂದ ರಕ್ತ ತೆಗೆದು ಹೆಪ್ಪುಗಟ್ಟಲು ಬಿಟ್ಟಳು. ಮೇಲೆ ನಿಂತ ತಿಳಿನೀರಿನ ಒಂದು ಹನಿಯನ್ನು ಬಿಳಿ ಬಿಲ್ಲೆಯ ಮೇಲಿಟ್ಟು, ಅದಕ್ಕೊಂದು ಹನಿ ಗುಲಾಬಿ ಬಣ್ಣದ ಮದ್ದು ಬೆರೆಸಿ, ಬಿಲ್ಲೆಯನ್ನು ಮೆಲ್ಲಗೆ ಅತ್ತಿತ್ತ ಆಡಿಸುತ್ತಿದ್ದಳು. ಹನಿ ಹಾಗೇ ನುಣ್ಣಗೆ ಉಳಿದರೆ ಎಮ್ಮೆ ಶುದ್ಧ. ರವೆಯಂತೆ ಕಾಳುಕಟ್ಟಿದರೆ ರೋಗ. ಇಪ್ಪತ್ತೇಳು ಹನಿ ಕಾಳುಕಟ್ಟಿದವು.

"ಮೊದಲ್ನೇದು ಹಾಕಿದ್ದು ಯಾವಾಗ?" ಎಂದು ಮಾಬೂಬಿ ನನ್ನನ್ನು ಕೇಳಿದಳು.

ಬೇಲಿಗೆ ಒರಗಿ ಕೂತಿದ್ದ ಬಾಳವ್ವ ಹೇಳಿದಳು: "ಬ್ಯಾಸಗ್ಯಾಗ, ಚಾಚಿ. ಹೊಸಾ ಮಣಕ. ನಾನ ಮಾಸು ತಗದೆ. ಅಕ್ಕ ಹೂಳು ಅಂದ್ಳು, ಹೂಳಿದೆ."

ಯಂಕೋಬ ನನ್ನ ಕಡೆ ತಿರುಗಿದ. ಮಾಬೂಬಿ ಕೋಣದ ರಕ್ತವನ್ನೂ ತೆಗೆದು ನೋಡಿದಳು. ಹನಿ ನುಣ್ಣಗಿತ್ತು.

"ಕ್ವಾಣ ಚಲೋ ಐತಿ," ಎಂದಳು.

"ಜೋಡಿ ಬಂದದ್ದಕ್ಕ ಕೊಲ್ತಾರಂತ ನಮ್ಮವ್ವ..." ಎಂದು ನಾನು ತೊದಲಿದೆ.

"ಅದು ಈ ಮದ್ದು ಇಲ್ಲದಾಗಿನ ಮಾತು. ನೋಡದ ಯಾರು ಕೊಲ್ತಾರ, ಹುಲಿಗೆವ್ವ? ಅವತ್ತ ಕರದಿದ್ರ ಒಂದು ಮಣಕ ಹೋಗತಿತ್ತು. ಅಷ್ಟ."

ಇಪ್ಪತ್ತೇಳನ್ನೂ ಕಡಿದು, ತಿನ್ನದೆ, ಸುಣ್ಣ ಹಾಕಿ ಹೂಳಬೇಕಾಯಿತು. ಅವುಗಳಲ್ಲಿ ಹನ್ನೆರಡಕ್ಕೆ ಎರಡು ತಿಂಗಳ ಕರುಗಳಿದ್ದವು. ಏಳು ತಿಂಗಳಿಗೆ ಮೊಲೆ ಬಿಡಿಸುವಾಗ ನಾವು ಕರುವಿನ ಮೂಗಿಗೆ ಮರದ ಹಲಗೆ ಕಟ್ಟಿ ತಾಯಿಯ ಪಕ್ಕದಲ್ಲೇ ಬಿಡುತ್ತೇವೆ. ಮೊಲೆಗೆ ಬಾಯಿ ಹಾಕಲು ಆಗದೆ, ಹುಲ್ಲು ಮೇಯುತ್ತ, ವಾರದಲ್ಲಿ ಮರೆಯುತ್ತದೆ. ಇವುಗಳನ್ನು ಒಂದೇ ದಿನ ಎಳೆದು ಬೇರೆ ಮಾಡಿದೆವು. ತಾಯಿಗಳು ಬೇಲಿಗೆ ಎದೆಯೊತ್ತಿ ಮೂರು ದಿನ ಕೂಗಿದವು, ನಾಲ್ಕನೆಯ ದಿನ ಕೂಗಲು ಅವು ಇರಲಿಲ್ಲ. ಕರುಗಳು ಬೋಗುಣಿಯಲ್ಲಿ ಕುಡಿಯಲೊಲ್ಲವು. ಆಗ ಯಾರೂ ಕರೆಯದೆ ಬಾಳವ್ವ ಬಂದಳು, ಗೋಡೆ ಹಿಡಿದುಕೊಂಡು. ಮೇಲಿನ ದಿನ್ನಿಯಿಂದ ತಂದ ಸಜ್ಜೆಯ ಗಂಜಿಗೆ ಶುದ್ಧ ಎಮ್ಮೆಗಳ ಹಾಲು ಬೆರೆಸಿ, ಬೆರಳು ಅದ್ದಿ, ಕರುವಿನ ಬಾಯಿಗಿಟ್ಟು, ಅದು ಚೀಪುತ್ತಿದ್ದಂತೆ ಕೈಯನ್ನು ನಿಧಾನವಾಗಿ ಬೋಗುಣಿಗೆ ಇಳಿಸುತ್ತಿದ್ದಳು. ನಾನು ಬೋಗುಣಿ ತುಂಬಿಕೊಟ್ಟೆ. ಹನ್ನೆರಡರಲ್ಲಿ ಒಂಬತ್ತು ಬದುಕಿದವು.

ಆ ಚಳಿಗಾಲ ಮಾಂಸ ಸಾಲಲಿಲ್ಲ. ಏಳು ಮನೆಯವರು ದಿನ್ನಿ ಬಿಟ್ಟು ಹೋದರು. ನನ್ನನ್ನು ಹಿಂಡವ್ವನ ಕೆಲಸದಿಂದ ತೆಗೆಯುತ್ತಾರೆಂದು ಕಾದೆ. ಆ ಕೆಲಸ ಬಲ್ಲವರು ಇನ್ನಾರೂ ಇರಲಿಲ್ಲವಾದ್ದರಿಂದ ತೆಗೆಯಲಿಲ್ಲ. ಅದನ್ನು ಕ್ಷಮೆ ಎಂದು ನಾನು ಯಾವತ್ತೂ ತಿಳಿದುಕೊಂಡಿಲ್ಲ.

ಬಾಳವ್ವನಿಗೆ ಮತ್ತೆ ಮಕ್ಕಳಾಗಲಿಲ್ಲ. ಜ್ವರ ವರ್ಷಕ್ಕೆರಡು ಸಲ ಬರುತ್ತಲೇ ಇತ್ತು, ಕೊನೆಗೆ ಬೆನ್ನುಮೂಳೆಯನ್ನೇ ತಿಂದಿತು. ಎರಡು ವರ್ಷದ ಹಿಂದೆ, ಅವಳು ಹಾಸಿಗೆ ಹಿಡಿದಿದ್ದಾಗ, ನಾನು ಅವಳ ಕಾಲಿಗೆ ಎಣ್ಣೆ ಹಚ್ಚುತ್ತ ಮೊದಲ ಸಲ ಆ ಮಾತೆತ್ತಿದೆ. ತಪ್ಪಾಯಿತು ಎಂದೆ.

"ಅವತ್ತ ಚಾಚಿಗೆ ಹೇಳಿ ಕಳಸೋಣೇನು ಅಂತ ನಾ ಕೇಳಿದ್ದಕ್ಕ ನೀ ಹೂಂ ಅಂದಿದ್ರ ಸಾಕಿತ್ತಕ್ಕಾ," ಎಂದಳು. ಅಷ್ಟೇ. ಕಾಲನ್ನು ಎಳೆದುಕೊಳ್ಳಲಿಲ್ಲ. ಆ ತಿಂಗಳೇ ಹೋದಳು.

ಹಿರಿಯರೇ, ನಿಮ್ಮ ಕಾಲದಲ್ಲಿ ನಾಲ್ಕರಿಂದ ಎಂಟು ತಿಂಗಳೊಳಗಿನ ಹೆಣ್ಣುಕರುವಿಗೆ ಒಂದು ಸಲ ಚುಚ್ಚಿದರೆ ಈ ರೋಗವನ್ನು ತಡೆಯುವ ಮದ್ದು ಇತ್ತು ಎಂದು ಮಾಬೂಬಿ ಹೇಳುತ್ತಿದ್ದಳು. ಅದು ಜೀವವಿರುವ ಮದ್ದಂತೆ, ತಂಪಿನಲ್ಲಿಟ್ಟು ಕೈಯಿಂದ ಕೈಗೆ ದಾಟಿಸುತ್ತಾ ಬರಬೇಕಂತೆ. ನಡುವೆ ಎಲ್ಲೋ ಯಾರೋ ದಾಟಿಸಲಿಲ್ಲ. ಅವರ ಹೆಸರೂ ನಮಗೆ ಗೊತ್ತಿಲ್ಲ. ನಿಮ್ಮ ಕರುಗಳಿಗೆ ಅದನ್ನು ಹಾಕಿಸಿ. ಅದನ್ನು ಮಾಡುವ ಬಗೆಯನ್ನು ಬರೆದಿಡಿ, ನೀರು ಮುಟ್ಟದ ಕಡೆ ಇಡಿ. ನಮ್ಮ ಹಿಂಡಿನಲ್ಲಿ ಈಗ ಮೂವತ್ತಮೂರು ತಾಯೆಮ್ಮೆಗಳಿವೆ, ಹೋದ ವರ್ಷ ಅವುಗಳಲ್ಲಿ ಒಂದು ಕಂದು ಹಾಕಿತು. ಮಾಬೂಬಿ ಇಲ್ಲ, ಅವಳ ಗುಲಾಬಿ ಮದ್ದೂ ಮುಗಿದಿದೆ. ಅದು ಯಾಕೆ ಹಾಕಿತೆಂದು ನನಗೆ ತಿಳಿಯದು. ಊರಿಗೆಲ್ಲ ಹೇಳಿದೆ, ಎಮ್ಮೆಯನ್ನು ಕಡಿದು ಸುಣ್ಣ ಹಾಕಿ ಹೂಳಿದೆವು. ಅದಕ್ಕಿಂತ ಹೆಚ್ಚು ನಮ್ಮ ಕೈಲಿ ಏನೂ ಉಳಿದಿಲ್ಲ.

ನಿಮ್ಮಲ್ಲಿ ದನ ಸಾಕುವ ಯಾರಾದರೂ ಇದನ್ನು ಓದುತ್ತಿದ್ದರೆ, ಅವರಲ್ಲಿ ಒಂದೇ ಬೇಡಿಕೆ. ದಿನ ತುಂಬದೆ ಒಂದು ಕರು ಬಿದ್ದರೆ, ಬರಿಗೈಯಲ್ಲಿ ಮುಟ್ಟಬೇಡಿ, ಮುಟ್ಟಲು ಇನ್ನೊಬ್ಬರಿಗೆ ಹೇಳಬೇಡಿ, ಬಲ್ಲವರನ್ನು ಕರೆಯಿರಿ. ಅವತ್ತೇ ಹೇಳಲು ಧೈರ್ಯ ಬರದಿದ್ದರೆ ಮರುದಿನ ಹೇಳಿ, ವಾರ ಕಳೆದಿದ್ದರೂ ಹೇಳಿ. ಹೊತ್ತು ಮೀರಿತು ಎಂದು ಬಾಯಿ ಮುಚ್ಚಿಕೊಂಡು ಕೂರಬೇಡಿ.

ಮಣಕ ಕಂದು ಹಾಕಿದ ಬೆಳಿಗ್ಗೆಯಿಂದ ಮಾಬೂಬಿ ಬಂದು ಕೇಳುವ ತನಕ ನನಗೆ ಐದು ತಿಂಗಳು ಸಮಯವಿತ್ತು.

ಹುಲಿಗೆವ್ವ